ಹಳದಿ ಗೋಡೆಯ ಮುಂದೆ ಕೂತ ಮುಖ

ಚೌತಿಗೆ ಮೊದಲು ಪಡಸಾಲೆಗೆ ಬಣ್ಣ ಹೊಡೆಸಬೇಕಿತ್ತು. ಗಣಪತಿಯನ್ನು ಕೂರಿಸುವುದು ಅಲ್ಲೇ. ನನಗೆ ತಿಳಿ ಹಳದಿ ಬೇಕಿತ್ತು, ದೇವರಿಗೆ ಒಪ್ಪುವ ಅರಿಶಿನದ ಬಣ್ಣ. ನಮ್ಮ ಮನೆಯವರಿಗೆ ಎಳೆ ಹಸಿರು. ಬಣ್ಣ ಹೊಡೆಯುವವನು ಅಂಕೋಲೆಯಿಂದ ಎರಡನ್ನೂ ಸ್ವಲ್ಪ ಸ್ವಲ್ಪ ತಂದು, ಗೋಡೆಯ ಮೇಲೆ ಅಕ್ಕಪಕ್ಕ ಬಳಿದ. "ಒಣಗ್ಲಿ ಅಕ್ಕಾ, ಯಾವ್ದು ಅಂತ ನಾಳೆ ಹೇಳಿ" ಎಂದು ಹೋದ.

ಹಿಂದಿನ ವರ್ಷ ಇವರಿಗೆ ಕಾಮಾಲೆಯಾಗಿ, ಕಾರವಾರದ ಆಸ್ಪತ್ರೆಯಲ್ಲಿ ಬದುಕಿದ್ದೇ ಹೆಚ್ಚು. ಮತ್ತೆ ಬಂದರೆ ತಡ ಮಾಡಬೇಡಿ, ಕಣ್ಣು ನೋಡುತ್ತಿರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಈಗ ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಗದ್ದೆಗೆ ಹೋಗಿ ಬರುತ್ತಾರೆ. ದೀಪ ಹಚ್ಚುವಾಗ ಇಷ್ಟನ್ನೂ ಒಂದೊಂದಾಗಿ ದೇವರಿಗೆ ಹೇಳುತ್ತೇನೆ, ಕೊಟ್ಟದ್ದು ಮರೆತಿಲ್ಲ ಎಂದು ಅವನಿಗೂ ಗೊತ್ತಿರಲಿ.

ಆ ಸಂಜೆ ಚಾ ತಂದಾಗ ಇವರು ಹಳದಿಗೆ ಒತ್ತಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಖ ಎತ್ತಿದರು. ಕಣ್ಣಿನ ಬಿಳಿ ಹಳದಿಯಾಗಿತ್ತು.

ಗೋಡೆಯ ಛಾಯೆ ಇರಬೇಕು ಅಂದುಕೊಂಡೆ. ಆದರೂ ಚಾ ಅವರ ಕೈಗೆ ಕೊಟ್ಟು ಮತ್ತೊಮ್ಮೆ ನೋಡಿದೆ.

"ಕುರ್ಚಿ ಚೂರು ಹಸಿರಿನ ಬದಿಗೆ ಎಳ್ಕೊಳ್ಳಿ" ಅಂದೆ.

ಎಳೆದುಕೊಂಡರು. ಹಸಿರಿನ ಮುಂದೆ ಇನ್ನೂ ಕಷ್ಟವಾಯಿತು. ಕೆನ್ನೆ, ಕುತ್ತಿಗೆ ಎಲ್ಲ ಆಸ್ಪತ್ರೆಯ ಹಸಿರು ಪರದೆಯ ಹಿಂದೆ ಮಲಗಿದ್ದಾಗಿನ ಹಾಗೇ ಕಂಡವು.

"ಬಣ್ಣ ನೋಡು ಅಂದ್ರೆ ನನ್ ಮೋರೆ ನೋಡ್ತಾ ನಿಂತೀಯಲ್ಲ ಮಾರಾಯ್ತಿ. ಮದ್ವೆಗೆ ಮೊದ್ಲು ನೋಡ್ಬೇಕಿತ್ತು."

"ಅಂಗಳಕ್ಕೆ ಬನ್ನಿ ಒಂದ್ಸಲ."

"ಮಳೆ ಬರ್ತಾ ಅದೆ."

"ಬರ್ಲಿ."

ಆಗ ಅವರಿಗೆ ಗೊತ್ತಾಯಿತು. ನಗು ನಿಂತಿತು. ಚಾ ಕೆಳಗಿಟ್ಟು ಹಿಂದೆಯೇ ಬಂದು, ನಾನು ಕೇಳುವ ಮೊದಲೇ ಬೆರಳಿನಿಂದ ಕೆಳಗಿನ ರೆಪ್ಪೆ ಎಳೆದು ಹಿಡಿದರು. ಮೋಡ ಕವಿದಿತ್ತು, ಏನೂ ತಿಳಿಯಲಿಲ್ಲ. ಇಬ್ಬರೂ ಜಿಟಿಜಿಟಿ ಮಳೆಯಲ್ಲಿ ಹಾಗೇ ನಿಂತೆವು. ಪಡುವಣದಲ್ಲಿ ಮೋಡ ಸ್ವಲ್ಪ ಬಿರಿದು ಬಿಸಿಲು ಬಿತ್ತು. ಕಣ್ಣು ಬೆಳ್ಳಗಿತ್ತು. ಎರಡೂ ಬೆಳ್ಳಗಿದ್ದವು. ಕೂಡಲೇ ಬಿಸಿಲು ಹೋಯಿತು, ಆದರೆ ನೋಡುವಷ್ಟು ಹೊತ್ತು ದೇವರು ಅದನ್ನು ನಿಲ್ಲಿಸಿದ್ದ.

ಮರುದಿನ ಬಂದವನಿಗೆ ಬಿಳಿ ಹೊಡಿ ಅಂದೆ.

"ಬಿಳಿಯಾ? ಚೌತಿಗೆ ಯಾರು ಬಿಳಿ ಹೊಡಿಸ್ತಾರೆ ಅಕ್ಕಾ? ಕೈ ಕಲೆ, ಹೊಗೆ, ಎಲ್ಲಾ ಎದ್ದು ಕಾಣ್ತದೆ."

"ಕಾಣ್ಲಿ ಅಂತ್ಲೇ."

ಅವನು ಇವರ ಮುಖ ನೋಡಿದ. ಹಸಿರಿಗಾಗಿ ವಾರವಿಡೀ ಜಗಳ ಆಡಿದ್ದ ಇವರು, "ಅವಳು ಹೇಳ್ದಂಗೇ ಮಾಡು" ಎಂದು ಹೊರಗೆ ಹೋದರು.

ಗಣಪತಿ ಬಂದು ಹೋದ. ಬಂದವರೆಲ್ಲ ಬಿಳಿ ಗೋಡೆ ನೋಡಿ ಮೂಗು ಮುರಿದರು. ಈಗ ಸಂಜೆ ನಾನು ಚಾ ತರುವ ಹೊತ್ತಿಗೆ ಇವರೇ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡಿರುತ್ತಾರೆ. ಲೋಟಕ್ಕೆ ಕೈ ಚಾಚುವುದಿಲ್ಲ. ಮೊದಲು ಮುಖ ಎತ್ತಿ, ರೆಪ್ಪೆ ಹೊಡೆಯದೆ, ನಾನು ನೋಡಿ ಮುಗಿಸುವವರೆಗೆ ಕಾಯುತ್ತಾರೆ.