ದೊಡ್ಡಮ್ಮನ ಮಗ ಮಾಡಿದ ಚಿಪ್

ಆ ಯಂತ್ರ ಮತ್ತೆ ಓಡಬಾರದು ಎಂದು ನಾನು ಬಯಸಿದ್ದೆ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಎದುರಾಳಿ ಎತ್ತಿ ತೋರಿಸುವ ಮೊದಲು ನಮ್ಮ ದೋಷವನ್ನು ನಾವೇ ಹೇಳಿಬಿಡಬೇಕು ಎಂಬುದು ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಪಾಠ.

ನಮ್ಮ ಸೋದರಮಾವ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಬೀರುವಿನಷ್ಟು ಎತ್ತರದ, ನಿಂತುಕೊಂಡು ಆಡುವ ಯಂತ್ರಗಳು. ಅವುಗಳಲ್ಲಿ ಆಕಾಶದಿಂದ ಸಾಲುಸಾಲಾಗಿ ಇಳಿಯುವ ನೌಕೆಗಳನ್ನು ಹೊಡೆಯುವ ಆಟವೊಂದು ಬೇಸಿಗೆ ರಜೆಯಲ್ಲಿ ನನ್ನದೇ ಆಗಿರುತ್ತಿತ್ತು. ಕಿಕ್ಕೇರಿಯಿಂದ ಬರುತ್ತಿದ್ದ ಕಾಲೇಜು ಹುಡುಗರು ಕೂಡ ಹತ್ತು ವರ್ಷದ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ನನ್ನಷ್ಟು ಪಾಯಿಂಟು ಯಾರಿಗೂ ಬಂದಿರಲಿಲ್ಲ. ನನ್ನ ದೊಡ್ಡಮ್ಮನ ಮಗ, ನನಗಿಂತ ಆರೇ ತಿಂಗಳು ದೊಡ್ಡವನಾದ ಅಣ್ಣ, ಮೊದಲ ಸಾಲಿಗೇ ಸತ್ತು ಪಕ್ಕಕ್ಕೆ ಸರಿಯುತ್ತಿದ್ದ.

ಅವನೀಗ ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಮಾಡುತ್ತಾನೆ. ನಾನು ಶ್ರೀರಂಗಪಟ್ಟಣದಲ್ಲಿ ವಕೀಲರೊಬ್ಬರ ಕೈಕೆಳಗೆ ಜೂನಿಯರ್. ಮಾವನ ಅಂಗಡಿ ಹಿಂಡಿ ಬೂಸಾ ಅಂಗಡಿಯಾಗಿದೆ. ಉಳಿದ ಯಂತ್ರಗಳೆಲ್ಲ ಗುಜರಿಗೆ ಹೋದವು. ನನ್ನದೊಂದು ಮಾತ್ರ ಬೂಸಾ ಮೂಟೆಗಳ ಹಿಂದೆ ಕೆಟ್ಟು ನಿಂತಿತ್ತು.

ಹೋದ ವರ್ಷ ಮಾವ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ಇದೊಂದ್ನ ಓಡುಸ್ರಲಾ. ಯಾರ್ ಓಡುಸ್ತೀರೋ ಅವ್ರೇ ಒತ್ಕೊಂಡೋಗಿ."

ಅಣ್ಣ ಹಿಂದಿನ ಬಾಗಿಲು ತೆಗೆದು ಬೋರ್ಡನ್ನು ಎಳೆದ. ಕರೆಂಟು ಕೊಟ್ಟಾಗ ನಲವತ್ತು ಕಾಲಿನ ಒಂದು ಚಿಪ್ ಮುಟ್ಟಿದರೆ ಕೈ ಸುಡುತ್ತಿತ್ತು. ಅಂಗಡಿಯಲ್ಲಿ ಸಿಗುವ ಚಿಪ್ ಅಲ್ಲ ಅದು. ಆಟ ತಯಾರಿಸಿದ ಕಂಪನಿ ಈ ಆಟಕ್ಕೆಂದೇ ಮಾಡಿಸಿದ್ದು. ಈಗ ಅದರ ತಯಾರಿಕೆಯೇ ನಿಂತಿದೆ. ನಾನು ಫೋನಿನಲ್ಲಿ ಹುಡುಕಿ ಓದಿಕೊಂಡು ನನ್ನ ವಾದ ಮಂಡಿಸಿದೆ. "ಆಗಲ್ಲ ಮಾವ. ಒಳಗೇನಿದೆ ಅನ್ನೋದು ಮಾಡಿದೋರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಕ್ಷೆ ಇಲ್ಲ. ಗೊತ್ತಿಲ್ಲದ್ದನ್ನ ಹೆಂಗೆ ನಕಲು ಮಾಡ್ತಾನೆ?"

"ಮೋಟ್ರು ಮಾಡ್ದೋನು ನಂಗೆ ನಕ್ಷೆ ಕಳ್ಸವ್ನಾ?" ಅಂದ ಅಣ್ಣ. "ಭಾಷಣ ಸಾಕು, ಆ ಸ್ಕ್ರೂ ಡ್ರೈವರ್ ಕೊಡ್ಲಾ."

ಮಾವ ಬಿದ್ದುಬಿದ್ದು ನಕ್ಕರು. ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಅವನ ಮಾತಿನಲ್ಲಿ ಹುರುಳಿತ್ತು, ಅದೇ ನನ್ನ ಸಂಕಟ. ಸುಟ್ಟ ಮೋಟಾರು ಬಂದರೆ ಹಳೆಯ ತಂತಿಯನ್ನು ಕತ್ತರಿಸಿ, ಒಂದೊಂದು ಸುರುಳಿಯಲ್ಲಿ ಎಷ್ಟು ಸುತ್ತು ಇತ್ತೆಂದು ಎಣಿಸಿ, ಅಷ್ಟೇ ಸುತ್ತು ಹೊಸ ತಂತಿ ಹಾಕುತ್ತಾರೆ. ಚಿಪ್ಪಿಗೂ ಅವನು ಮಾಡಿದ್ದು ಅದನ್ನೇ. ತಣ್ಣಗಿದ್ದಾಗ ಅದು ಐದು ನಿಮಿಷ ಸರಿಯಾಗಿ ನಡೆದು, ಬಿಸಿಯಾದೊಡನೆ ಪರದೆಯನ್ನು ಚಿಂದಿ ಮಾಡುತ್ತಿತ್ತು. ಟೇಬಲ್ ಫ್ಯಾನು ತಿರುಗಿಸಿಟ್ಟು, ಆ ಐದೈದು ನಿಮಿಷಗಳಲ್ಲಿ ಒಂದೊಂದು ಕಾಲಿಗೂ ವೈರು ಸಿಕ್ಕಿಸಿ, ಯಾವ ಸಂಕೇತ ಒಳಹೋದರೆ ಯಾವುದು ಹೊರಬರುತ್ತದೆ ಎಂದು ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಆಮೇಲೆ, ನಾವು ಬರೆದಂತೆ ವರ್ತಿಸುವ ಖಾಲಿ ಚಿಪ್ ತರಿಸಿ ಅದಕ್ಕೆ ಅದೇ ವರ್ತನೆಯನ್ನು ತುಂಬಿದ. ಹೆಬ್ಬೆರಳಗಲದ ಬೋರ್ಡಿನ ಮೇಲೆ ಕೂರಿಸಿ, ಹಳೆಯದರ ಜಾಗದಲ್ಲೇ ಸಿಕ್ಕಿಸುವಂತೆ ನಲವತ್ತು ಕಾಲು ಕೊಟ್ಟ. ಇದನ್ನೆಲ್ಲ ಅವನು ಕಲಿತದ್ದು ಯೂಟ್ಯೂಬು ನೋಡಿ. ನಾನು ಬಿ.ಎ., ಎಲ್ಎಲ್.ಬಿ.

ಒಂದು ಸಂಜೆ ಅವನ ಅಂಗಡಿಯಲ್ಲಿ ಕೂತಿದ್ದಾಗ ಲ್ಯಾಪ್‌ಟಾಪ್ ಪರದೆಯ ಮೇಲಿನ ಸಂಕೇತಗಳ ಗೆರೆಗಳನ್ನು ತೋರಿಸಿದ. "ನೋಡ್ಲಾ, ಎಲ್ಲ ಸಮವಾಗಿ ಬತ್ತಾ ಅವೆ. ಇಲ್ಲೊಂದ್ ಕಡೆ ಒಂದು ತಪ್ಪೋಗದೆ. ಬಿಸಿಗೆ ಎಡವ್ತಾ ಇರ್ಬೇಕು. ಸರಿ ಮಾಡ್ಬುಟ್ಟೆ."

ಅವರ ಕಸುಬಿನ ವಾಡಿಕೆಯದು. ಒಂದು ಸುರುಳಿಯಲ್ಲಿ ಮಾತ್ರ ಸುತ್ತು ಕಡಿಮೆ ಕಂಡರೆ, ಹಿಂದೆ ಸುತ್ತಿದವನ ಕೈತಪ್ಪು ಎಂದು ಉಳಿದವುಗಳ ಸಮಕ್ಕೆ ತರುತ್ತಾರೆ. ನನಗೆ ಆಗ ಏನೂ ಹೊಳೆಯಲಿಲ್ಲ.

ಹೊಳೆದದ್ದು ಯಂತ್ರ ಓಡಿದ ದಿನ. ಮಾವ ಅವನ ತಲೆ ಸವರಿ, ಬಂದ ಗಿರಾಕಿಗಳಿಗೆಲ್ಲ "ನಮ್ಮಕ್ಕನ ಮಗ" ಅಂತ ತೋರಿಸುತ್ತಿದ್ದರು. ನಾನೂ ಅವರ ಅಕ್ಕನ ಮಗನೇ. ಆಡಲು ನಿಂತೆ. ಮೂರನೆಯ ಹಂತದಲ್ಲೇ ಸತ್ತೆ. ಮತ್ತೆ ಆಡಿದೆ, ಮತ್ತೆ ಅಲ್ಲೇ ಸತ್ತೆ.

"ಕೈ ತುಕ್ಕಿಡ್ಕಂಡ್ಬುಡ್ತು ಕಣಪ್ಪ ನಿಂದು," ಅಂದರು ಮಾವ.

ಕೈ ಸರಿಯಾಗಿಯೇ ಇತ್ತು. ಮೂರನೆಯ ಹಂತದಲ್ಲಿ ಇಳಿಯುತ್ತಿರುವ ಸಾಲು ಒಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತಿತ್ತು. ಆ ಗಳಿಗೆಯಲ್ಲಿ ನಾನು ಎಡಮೂಲೆಗೆ ನುಸುಳುತ್ತಿದ್ದೆ. ನನ್ನ ಗೆಲುವಿನ ಗುಟ್ಟು ಅಷ್ಟೇ, ಯಾರಿಗೂ ಹೇಳಿರಲಿಲ್ಲ. ಈಗ ಸಾಲು ನಿಲ್ಲುತ್ತಿಲ್ಲ. ಬಿಸಿಗೆ ಎಡವಿದ್ದು ಎಂದು ಅಣ್ಣ ಸರಿಮಾಡಿದ್ದು ಇದನ್ನೇ.

"ಎಂಗದೆ? ಅವತ್ತಿನಂಗೇ ಅದಾ?" ಅಣ್ಣ ಕೇಳಿದ. ಸುಮ್ಮನೆ ಕೇಳಿದ್ದಲ್ಲ. ಹಳೆಯ ಯಂತ್ರಗಳ ಹುಚ್ಚಿರುವವರ ಗುಂಪೊಂದು ಇಂಟರ್ನೆಟ್ಟಿನಲ್ಲಿತ್ತು, ಇದೇ ಚಿಪ್ ಸುಟ್ಟುಕೊಂಡವರು ಅಲ್ಲಿ ಹಲವರಿದ್ದರು, ಅವರಿಗೆ ಕಳಿಸುವ ಮೊದಲು ನನ್ನ ಮಾತಿಗೆ ಕಾದಿದ್ದ.

ಹೇಳಬಹುದಿತ್ತು. ಹೇಳಿದರೆ ಅವನ ಚಿಪ್ ಪರಿಪೂರ್ಣವಾಗುತ್ತದೆ. ಹೇಳದಿದ್ದರೆ, ಆಗಲ್ಲ ಎಂದ ನನ್ನ ಮಾತು ಎಲ್ಲೋ ಒಂದು ಕಡೆ ನಿಜವಾಗಿಯೇ ಉಳಿಯುತ್ತದೆ. ಯಾರಿಗೂ ಗೊತ್ತಾಗದಿದ್ದರೂ ನನಗೆ ಗೊತ್ತಿರುತ್ತದೆ.

"ಹಂಗೇ ಇದೆ," ಅಂದೆ.

ಲಗೇಜ್ ಆಟೋದಲ್ಲಿ ಯಂತ್ರ ಪಾಂಡವಪುರಕ್ಕೆ ಹೋಯಿತು. ಚಿಪ್ಪುಗಳು ಎಲ್ಲೆಲ್ಲಿಗೋ ಹೋದವು. ಎರಡು ತಿಂಗಳಾದ ಮೇಲೆ ಅಣ್ಣ ಬೈಕಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಕೋರ್ಟಿನ ಮುಂದೆಯೇ ಫೋನು ಹಿಡಿದ.

"ಯಾವ್ದೋ ದೇಶದೋನು ಕಂಡಿಡ್ದವ್ನೆ ಕಣ್ಲಾ! ಮೂರ್ನೇದ್ರಲ್ಲಿ ಸಾಲು ಒಂದ್ಚಣ ನಿಲ್ಬೇಕಂತೆ, ಆಗ ಎಡಮೂಲೆಗೆ ನುಗ್ಬೇಕಂತೆ. ನಾನು ತಪ್ಪು ಅಂತ ಕಿತ್ತಾಕಿದ್ನಲ್ಲಾ, ಅದು ತಪ್ಪೇ ಅಲ್ವಂತೆ!"

ತಪ್ಪು ಸಿಕ್ಕಿಬಿದ್ದದ್ದಕ್ಕೆ ಇಷ್ಟು ಖುಷಿಪಡುವ ಮನುಷ್ಯನನ್ನು ನಾನು ಕಂಡಿರಲಿಲ್ಲ. ಹೊಸ ಬೋರ್ಡಿನ ಮೇಲೆ ಆ ಪರದೇಶಿಯ ಹೆಸರನ್ನು ಬಿಳಿ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾನಂತೆ. ನನ್ನ ಹೆಸರು ಇರಬೇಕಾಗಿದ್ದ ಜಾಗ. ಈಗ ನನಗೆ ಮುಖವೇ ಕಾಣದ ಇನ್ನೊಬ್ಬನ ಮೇಲೂ ಹೊಟ್ಟೆಯುರಿ.

ಆಮೇಲೆ ಅವನು ಕೇಳಿದ. "ನೀನು ಅಷ್ಟು ಆಡಿದ್ದೋನು. ನಿಂಗೆ ಗೊತ್ತಾಗ್ನಿಲ್ವಾ?"

ಗೊತ್ತಿತ್ತು ಎಂದರೆ ನಾನು ನೀಚ. ಗೊತ್ತಿರಲಿಲ್ಲ ಎಂದರೆ ನಾನು ಆ ಆಟದ ದೊರೆಯೇ ಅಲ್ಲ. ಎರಡೂ ಕಡೆಯಿಂದ ವಾದಿಸಬಲ್ಲ ನನಗೆ ಮೂರನೆಯ ಉತ್ತರ ಸಿಗಲಿಲ್ಲ.

"ಗೊತ್ತಾಗ್ಲಿಲ್ಲ ಕಣೋ."

"ಓಗ್ಲಿ ಬುಡು, ಏಸ್ ವರ್ಸ ಆಯ್ತು," ಎಂದು ಬೆನ್ನು ತಟ್ಟಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಳೆದ ಭಾನುವಾರ ತಿದ್ದಿದ ಚಿಪ್ ಹಾಕಿದ್ದೇನೆ ಬಾ ಎಂದು ಕರೆದ. ಪಾಂಡವಪುರದ ಅಂಗಡಿಯಲ್ಲಿ, ಬಿಚ್ಚಿಟ್ಟ ಮೋಟಾರುಗಳ ನಡುವೆ ನಿಂತು ಆಡಿದೆ. ಮೂರನೆಯ ಹಂತ. ಸಾಲು ಅರೆಗಳಿಗೆ ನಿಂತಿತು. ನನ್ನ ಕೈ ತಾನಾಗಿಯೇ ಎಡಕ್ಕೆ ಹೊರಟಿತು. ಅಣ್ಣ ಪಕ್ಕದಲ್ಲೇ ಇದ್ದಾನೆ. ಜಾಯ್‌ಸ್ಟಿಕ್ ಕೋಲನ್ನು ಬಿಗಿಹಿಡಿದು ಅಲ್ಲೇ ನಿಲ್ಲಿಸಿದೆ. ನೌಕೆ ಸಿಡಿದು ಹೋಯಿತು.

"ಈಗ ಕಂಡ್ತಾ?"

"ಎಲ್ಲಿ?" ಅಂದೆ.

"ಅಯ್ಯೋ, ಸರ್ಕಳ್ಲಾ ಅತ್ಲಾಗೆ," ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಕೋಲು ಹಿಡಿದು, ಆ ಗಳಿಗೆಯಲ್ಲಿ ಎಡಮೂಲೆಗೆ ನುಸುಳುವುದು ಹೇಗೆಂದು ನನಗೆ ನಿಧಾನವಾಗಿ ಹೇಳಿಕೊಡತೊಡಗಿದ.