ಕಣಿ ಮುಚ್ಚಲು ಒಂದು ಲೋಡ್ ಮಣ್ಣು

ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮೇಲಿನ ಮನೆಯ ಕಡೆಯಿಂದ ಹಸಿ ಸಿಮೆಂಟಿನ ವಾಸನೆ ಬಂತು. ನಿಮಗೂ ಅದು ಗೊತ್ತಿರುತ್ತದೆ. ಹೊಸ ಮನೆ, ಗೃಹಪ್ರವೇಶ, ನೆಂಟರ ಹೊಟ್ಟೆಕಿಚ್ಚು ಎಲ್ಲವೂ ಅದರಲ್ಲಿ ಸೇರಿಕೊಂಡಿರುವುದರಿಂದ ಹೆಚ್ಚಿನವರಿಗೆ ಆ ವಾಸನೆ ಇಷ್ಟ. ನನಗೆ ಸಿಟ್ಟು ಬರುತ್ತದೆ. ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಇತರರ ಸಿಟ್ಟನ್ನು ಕತ್ತರಿಸಿ ಎರಡು ಕಾಲಮ್ಮಿಗೆ ಇಳಿಸಿದವನು ನಾನು. ಆದ್ದರಿಂದ ನನ್ನ ಸಿಟ್ಟಿಗೂ ಕಾರಣ ಕೊಡಬೇಕಾಗುತ್ತದೆ.

ಮೆಲ್ಕಾರಿನಿಂದ ಸ್ವಲ್ಪ ಒಳಗೆ, ಇಳಿಜಾರಿನಲ್ಲಿ ಅಕ್ಕನ ಮನೆ. ಅಮ್ಮನಿಂದ ಅವಳಿಗೆ ಬಂದದ್ದು. ನಿವೃತ್ತನಾದ ಮೇಲೆ ನಾನೂ ಇಲ್ಲೇ ಇದ್ದೇನೆ. ನಮ್ಮ ಮೇಲೆ ಒಂದು ಮನೆ, ಕೆಳಗೆ ನಫೀಸಾಳ ಮನೆ, ಅದರ ಕೆಳಗೆ ಇನ್ನೂ ಕೆಲವು, ಮೆಟ್ಟಿಲಿನ ಹಾಗೆ. ಎಲ್ಲರ ಹಿತ್ತಿಲಿನ ಅಂಚಿನಲ್ಲಿ ಮಳೆನೀರು ಹರಿದುಹೋಗಲು ಒಂದು ಕಣಿ ಇದೆ. ಯಾರೂ ಕಾಗದದಲ್ಲಿ ಬರೆಸಿಕೊಂಡದ್ದಲ್ಲ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಪ್ರತಿ ಮನೆಯವರೂ ತಮ್ಮ ಪಾಲಿನ ಕಣಿ ಬಿಡಿಸಬೇಕು. ಮೇಲಿನವರು ಗಡಿ ದಾಟಿ ಕೆಳಗಿನವರ ಜಾಗದಲ್ಲಿ ಒಂದು ಹಾರೆಯಷ್ಟು ಹೆಚ್ಚು ಅಗೆಯುವುದು ಇಲ್ಲಿನ ಕ್ರಮ. ನಮ್ಮ ನೀರು ನಿಮ್ಮಲ್ಲಿಗೆ ಬರುತ್ತದೆ, ನಮಗದು ಗೊತ್ತಿದೆ ಎಂದು ಬಾಯಿಬಿಟ್ಟು ಹೇಳುವ ಬದಲು ಹೀಗೆ ಅಗೆಯುತ್ತಿದ್ದರು.

ಅಮ್ಮ ಮತ್ತು ನಫೀಸಾಳ ಅತ್ತೆ ಐಸಮ್ಮ ಪ್ರತಿ ವರ್ಷ ಆ ದಿನ ಕಣಿಯ ಆಚೆ ಈಚೆ ನಿಂತು ಜಗಳ ಮಾಡುತ್ತಿದ್ದರು. "ನಿಮ್ಮ ಕೋಳಿ ನಮ್ಮ ಬದುವನ್ನೆಲ್ಲ ಕೆದಕಿ ಹಾಕಿದೆ ಐಸಮ್ಮ" ಎಂದು ಅಮ್ಮ. "ಹುಳ ಸಾಕಿದ್ದು ನೀವಲ್ವಾ? ನನ್ನ ಕೋಳಿ ಊಟಕ್ಕೆ ಬಂದದ್ದು" ಎಂದು ಐಸಮ್ಮ. ಜಗಳ ಮುಗಿಯುವಷ್ಟರಲ್ಲಿ ಕಣಿಯ ಕೆಲಸವೂ ಮುಗಿದಿರುತ್ತಿತ್ತು. ಇಬ್ಬರೂ ಈಗ ಇಲ್ಲ.

ಭಾವ ಮಸ್ಕತ್ತಿನ ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಹಿತ್ತಿಲು ಅವರ ಕಣ್ಣಿಗೆ ಬಿತ್ತು. "ಇದೆಂಥ ಕೆಸರು ಮಾರಾಯ? ಕಾಂಕ್ರೀಟ್ ಹಾಕುವ. ಸಂಜೆ ಕುರ್ಚಿ ಹಾಕಿ ಕೂತ್ಕೊಳ್ಲಿಕ್ಕೆ ಆಗ್ತದೆ." ಆಸೆ ನ್ಯಾಯವಾದದ್ದೇ. ಲೆಕ್ಕ ಮಾಡುವ ಕೆಲಸ ನನಗೆ ಬಂತು. ಎಷ್ಟೋ ವರ್ಷ ರಾಜ್ಯ ಬಜೆಟ್ಟಿನ ಪುಟ ಕಟ್ಟಿದವನೆಂಬ ಹೆಮ್ಮೆಯಿಂದ ಒಪ್ಪಿಕೊಂಡೆ. ಸರ್ಕಾರದ ಕೋಟಿಗಳನ್ನು ಸಲೀಸಾಗಿ ವಿಂಗಡಿಸುತ್ತಿದ್ದ ನನಗೆ ಮುಕ್ಕಾಲಿಂಚು ಜಲ್ಲಿಯ ಬೆಲೆ ಗೊತ್ತಿರಲಿಲ್ಲ. ಮೂರು ಅಂಗಡಿಗಳಲ್ಲಿ ಕೇಳಿ ಮೂರು ಉತ್ತರ ಪಡೆದು ಮನೆಗೆ ಬಂದೆ.

ಕೊನೆಗೆ ಒಬ್ಬ ಗುತ್ತಿಗೆದಾರ ಬಂದು ಟೇಪು ಹಿಡಿದು ಅಳೆದ. ಜಲ್ಲಿ, ಎಂ ಸ್ಯಾಂಡ್, ಸಿಮೆಂಟು, ಕಬ್ಬಿಣದ ಜಾಲರಿ, ಕೂಲಿ ಎಂದೆಲ್ಲ ಬರೆದುಕೊಟ್ಟ. ಕೊನೆಯ ಸಾಲು: ಕಣಿ ಮುಚ್ಚಲು ಮಣ್ಣು, ಒಂದು ಲೋಡ್. ಇಡೀ ಎಸ್ಟಿಮೇಟಿನಲ್ಲಿ ಅತಿ ಕಡಿಮೆ ಖರ್ಚು ಅದೇ.

"ಕಣಿ ಮುಚ್ಚಿದರೆ ನೀರು?" ಎಂದು ಕೇಳಿದೆ.

"ಸ್ಲೋಪ್ ಕೊಡ್ತೇವಲ್ಲ ಸಾರ್."

"ಯಾವ ಕಡೆಗೆ?"

"ಹಿಂದೆ."

"ಹಿಂದೆ ನಫೀಸಾಳ ಬಾವಿ ಉಂಟು."

ಅವನು ಟೇಪು ಸುತ್ತಿಕೊಂಡ. "ನಿಮ್ಮ ಜಾಗದಲ್ಲಿ ಒಂದು ತೊಟ್ಟು ನಿಲ್ಲುವುದಿಲ್ಲ. ಅದಕ್ಕೆ ನಾನು ಗ್ಯಾರಂಟಿ."

ನಮ್ಮ ಕರಾವಳಿಯ ಪತ್ರಿಕೆಗಳಿಗೆ ಪ್ರಿಯವಾದ ಒಂದು ಮಾತಿದೆ, ಕೃತಕ ನೆರೆ. ಪ್ರತಿ ಮಳೆಗಾಲದಲ್ಲೂ ಅದು ಶೀರ್ಷಿಕೆಗೆ ಏರುತ್ತದೆ. ಚರಂಡಿ ಇಲ್ಲ, ಇಲಾಖೆ ನಿದ್ರಿಸುತ್ತಿದೆ, ಸಾರ್ವಜನಿಕರ ಆಕ್ರೋಶ. ಆಕ್ರೋಶಗೊಂಡ ಸಾರ್ವಜನಿಕರು ತಮ್ಮ ತಮ್ಮ ಹಿತ್ತಿಲಿನ ನೀರನ್ನು ಯಾರ ಕಡೆಗೆ ತಿರುಗಿಸಿದ್ದಾರೆ ಎಂದು ನೋಡಿ ಬರಲು ಯಾವ ಪತ್ರಿಕೆಯೂ ವರದಿಗಾರನನ್ನು ಕಳುಹಿಸುವುದಿಲ್ಲ. ಕಳುಹಿಸಿದರೆ ಮರುದಿನ ಚಂದಾದಾರರೇ ಉಳಿಯಲಿಕ್ಕಿಲ್ಲ.

ಕಣಿ ಉಳಿಸಿ ಅದರ ಬದಿಗೆ ಕೆಂಪುಕಲ್ಲು ಕಟ್ಟಿಸೋಣ ಎಂದೆ. ಭಾವನಿಗೆ ರೇಗಿತು. "ಖರ್ಚು ನನ್ನದು, ಜಾಗ ನಮ್ಮದು. ಬಾವಿ ಅವಳದ್ದಲ್ವಾ? ಅವಳೇ ನೋಡಿಕೊಳ್ಲಿ."

"ಜಾಗ ಅಕ್ಕನದ್ದು ಭಾವ" ಎಂದೆ. ಆವತ್ತು ನನಗೆ ಸಂಜೆಯ ಚಹಾ ಬರಲಿಲ್ಲ.

ಮರುದಿನ ನಫೀಸಾ ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳು ಪತ್ತಿರ್ ಎಂಬ ತೆಳು ಅಕ್ಕಿರೊಟ್ಟಿ ಮಾಡಿ ಪಾಣೆಮಂಗಳೂರಿನ ಹೋಟೆಲುಗಳಿಗೆ ಕೊಡುವವಳು. ಅಕ್ಕಿ ನೆನೆಸುವುದರಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ಎಲ್ಲ ಆ ಬಾವಿಯ ನೀರಿನಲ್ಲೇ ಆಗಬೇಕು. ಅದಕ್ಕೆ ನಮ್ಮ ಹಿತ್ತಿಲಿನ ಕೆಸರು ಇಳಿದರೆ ಅವಳ ವ್ಯಾಪಾರ ಮುಗಿದಂತೆ.

"ಅಕ್ಕ, ನಿಮ್ಮದು ಯಾವಾಗ ಶುರು?" ಎಂದು ಕೇಳಿದಳು. "ನಿಮ್ಮದರ ಹಿಂದೆಯೇ ನನ್ನದೂ ಮಾಡಿಸಬೇಕು."

ಗುತ್ತಿಗೆದಾರ ನಮ್ಮ ಗೇಟಿನಿಂದ ನೇರ ಅವಳ ಮನೆಗೆ ಇಳಿದಿದ್ದ. ಮೇಲಿನವರು ಕಾಂಕ್ರೀಟ್ ಹಾಕ್ತಾರೆ, ಬಾವಿ ಉಳಿಯಬೇಕಾದರೆ ನೀವೂ ಅಂಗಳ ಎತ್ತರಿಸಿ ಹಾಕಿಸಿ ಎಂದಿದ್ದ.

"ಹಣ?" ಎಂದು ಅಕ್ಕ ಕೇಳಿದಳು.

"ದೊಡ್ಡ ಗ್ರೈಂಡರಿಗೆ ಅಂತ ಇಟ್ಟದ್ದುಂಟು. ಇನ್ನೆಂತ ಮಾಡುವುದು?"

"ಮತ್ತೆ ನಿನ್ನ ಅಂಗಳದ ನೀರು ಎಲ್ಲಿಗೆ?" ಎಂದು ನಾನು ಕೇಳಿದೆ.

"ಕೆಳಗಿನವರಿಗೆ. ಅವರ ಹತ್ತಿರವೂ ಅವನು ಮಾತಾಡ್ತಾನಂತೆ." ಅವಳು ನಕ್ಕಳು. "ಅವನಿಗೆ ಬೇರೆ ಏಜೆಂಟ್ ಬೇಡ ಅಣ್ಣ. ಮಳೆಯೇ ಗಿರಾಕಿ ಹಿಡಿದು ಕೊಡ್ತದೆ."

ಅವಳು ನಕ್ಕದ್ದರಿಂದಲೇ ನನಗೆ ತಡೆಯಲಾಗಲಿಲ್ಲ. ವಂಚನೆಯ ಸುದ್ದಿಗಳನ್ನು ಬೇಕಾದಷ್ಟು ತಿದ್ದಿದ್ದೇನೆ. ಅವುಗಳಲ್ಲಿ ಒಬ್ಬ ಆರೋಪಿ ಇರುತ್ತಿದ್ದ, ಒಂದು ಠಾಣೆ ಇರುತ್ತಿತ್ತು. ಇಲ್ಲಿ ಯಾರ ಮೇಲೆ ದೂರು ಕೊಡುವುದು? ಎಲ್ಲರೂ ತಮ್ಮ ಜಾಗದಲ್ಲೇ, ತಮ್ಮ ಹಣದಲ್ಲೇ ಕೆಲಸ ಮಾಡಿಸುವವರು. ನಮ್ಮ ಒಂದು ಲೋಡ್ ಮಣ್ಣಿಗೆ ಅವಳ ಇಡೀ ಉಳಿತಾಯ ಹೋಗುವುದರಲ್ಲಿತ್ತು. ಅದನ್ನು ತಪ್ಪು ಎನ್ನಲು ನನ್ನಲ್ಲಿ ಒಂದು ಸೆಕ್ಷನ್ನೂ ಇರಲಿಲ್ಲ.

ಅಕ್ಕ ಹರಿವೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಫೀಸಾ, ನೀನು ಗ್ರೈಂಡರ್ ತೆಗೆದುಕೊ" ಎಂದಳು. ಆಮೇಲೆ ಒಳಗೆ ಪೇಪರ್ ಹಿಡಿದು ಕೂತಿದ್ದ ಭಾವನ ಕಡೆ ತಿರುಗಿ, "ಕುರ್ಚಿ ಇಡ್ಲಿಕ್ಕೆ ಎಷ್ಟು ಜಾಗ ಬೇಕು ನಿಮಗೆ? ಮಲಗಿ ಹೊರಳ್ಲಿಕ್ಕುಂಟಾ?"

ಕಾಂಕ್ರೀಟು ಚಿಕ್ಕದಾಯಿತು, ಕಣಿಗೆ ಕಲ್ಲು ಬಂತು, ಖರ್ಚು ಹೆಚ್ಚಾಯಿತು. ಆ ಗುತ್ತಿಗೆದಾರ ಮತ್ತೆ ಬರಲಿಲ್ಲ, ಬೇರೆ ಮೇಸ್ತ್ರಿ ಮಾಡಿದ. ಭಾವ ಬಹಳ ದಿನ ನನ್ನೊಡನೆ ಅಕ್ಕನ ಮೂಲಕವೇ ಮಾತಾಡಿದರು. "ನಿನ್ನ ತಮ್ಮನಿಗೆ ಪೇಪರ್ ಓದಿ ಆದರೆ ಕೊಡ್ಲಿಕ್ಕೆ ಹೇಳು."

ಇವತ್ತು ಮೇಲಿನ ಮನೆಯವರ ಸರದಿ. ಮನೆಯನ್ನು ಈಚೆಗೆ ಕೊಂಡ ಯುವಕ ಮುಂದಿನ ಅಂಗಳಕ್ಕೆ ಕಾಂಕ್ರೀಟು ಕಲಸುತ್ತಿದ್ದಾನೆ. ಹಿಂದೆ, ಕಣಿಯ ಬಾಯಲ್ಲೇ, ಟಿಪ್ಪರಿನಲ್ಲಿ ಬಂದ ಕೆಂಪು ಮಣ್ಣಿನ ರಾಶಿ. ಕಣಿ ಮುಚ್ಚಿದರೆ ಅವನ ನೀರೆಲ್ಲ ನಮ್ಮ ಹಿತ್ತಿಲಿಗೆ. ನಾನು ಪಂಚಾಯತಿಗೆ ಪತ್ರ ಬರೆಯಲು ಕುಳಿತೆ. ಭಾವ ಹೆಗಲ ಮೇಲಿಂದ 'ಮಾನ್ಯರೇ' ಎಂಬಷ್ಟನ್ನು ಓದಿದರು. "ಇದು ಅಲ್ಲಿಗೆ ಮುಟ್ಟುವಾಗ ಮಳೆಗಾಲ ಮುಗಿದಿರ್ತದೆ. ನಡಿ ಮಾರಾಯ."

ಯುವಕ ಒಳ್ಳೆಯವನೇ. "ನನಗೆ ಇದೆಲ್ಲ ಗೊತ್ತಿಲ್ಲ ಸಾರ್, ಕಂಟ್ರಾಕ್ಟರ್ ಹತ್ತಿರ ಕೇಳಿ. ಅವರು ತಿಂಡಿಗೆ ಹೋಗಿದ್ದಾರೆ" ಎಂದ. ಘಟನಾ ಸ್ಥಳದಲ್ಲಿ ಪಕ್ಕಕ್ಕೆ ನಿಂತು ನೋಡುವುದೇ ನನ್ನ ಅಭ್ಯಾಸ. ಇವತ್ತು ಆ ಮಣ್ಣಿನ ರಾಶಿಯ ಮೇಲೆ ಕುಳಿತುಬಿಟ್ಟೆ.

"ಬರಲಿ, ಕಾಯ್ತೇನೆ" ಎಂದೆ.

ಭಾವ ಉಟ್ಟದ್ದು ಇಸ್ತ್ರಿ ಹಾಕಿದ ಬಿಳಿ ಪಂಚೆ. ಒಮ್ಮೆ ಅದನ್ನು ನೋಡಿಕೊಂಡರು, ಒಮ್ಮೆ ಕೆಂಪು ಮಣ್ಣನ್ನು ನೋಡಿದರು. "ನಿನ್ನ ಅಕ್ಕ ಇದನ್ನು ಒಗೆಯುವಾಗ ನೀನೇ ಉತ್ತರ ಕೊಡಬೇಕು, ಆಯ್ತಾ?" ಎಂದು ನನ್ನ ಪಕ್ಕ ಜಾಗ ಮಾಡಿಕೊಂಡು ಕುಳಿತರು.