ಎಂಬಕಸಿಯಲ್ಲಿ ಸಿಕ್ಕ ಮನೆ

ಒಂದು ಕಾಲಕ್ಕೆ ನಮ್ಮ ಪಕ್ಕದ ಫ್ಲಾಟಿನಲ್ಲಿದ್ದ ಗಣಿತದ ಟೀಚರ್, ಬಾಡಿಗೆ ಏರಿದಾಗಲೆಲ್ಲ ನೈರೋಬಿಯ ಇನ್ನೊಂದು ಅಗ್ಗದ ಬಡಾವಣೆ ಹುಡುಕುತ್ತಿದ್ದರು. ಮನೆ ನೋಡಲು ನನ್ನನ್ನೂ ಕರೆದೊಯ್ಯುವರು. ಒಳಗೆ ಕಾಲಿಟ್ಟವರೇ ನಲ್ಲಿ ತಿರುಗಿಸಿ, ಸಣ್ಣಗೆ ಬರುವ ನೀರಿಗೆ ಬೊಗಸೆಯೊಡ್ಡಿ, “ಇಷ್ಟಿದ್ರೆ ಸಾಕು ಕಣ್ರೀ” ಎನ್ನುವರು. ಅಡುಗೆಮನೆಯ ಕಿಟಕಿಗೆ ಪಕ್ಕದವರ ಗೋಡೆ ಅಡ್ಡವಿದ್ದರೂ ಅದೇ ಮಾತು.

ಕೊನೆಗೆ ಎಂಬಕಸಿಯಲ್ಲಿ, ವಿಮಾನಗಳು ತಲೆಯ ಮೇಲೆಯೇ ಇಳಿದಂತೆ ಕೇಳಿಸುವ ಕಡೆ, ಕೈಗೆಟಕುವ ಮನೆ ಸಿಕ್ಕಿತು. ಒಕ್ಕಲಾದ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟರು. ಅದು ಪಾತ್ರೆಯ ಅಂಚಿಗೆ ಏರುತ್ತಿದ್ದಂತೆ ಒಲೆ ಆರಿಸಿಬಿಟ್ಟರು.

“ಉಕ್ಕಲಿ ಬಿಡ್ರೀ, ಶಾಸ್ತ್ರ ಅಲ್ವಾ?” ಎಂದೆ.

“ಪ್ರತಿ ಮನೇಲೂ ಉಕ್ಕಿಸ್ದೆ. ಪ್ರತಿ ಸಲ ಇದೇ ನಮ್ಮನೆ ಅಂದ್ಕೊಂಡೆ. ಇನ್ನು ಬೇಡ.”

ಆ ಹಾಲಿಗೇ ಡಿಕಾಕ್ಷನ್ ಬೆರೆಸಿ ಕಾಫಿ ಕೊಟ್ಟರು. ಇಬ್ಬರೂ ನಿಂತುಕೊಂಡೇ ಕುಡಿದೆವು.